ಕೋರ್ಟಿನ ಮಾತಿಗೆ ಗಾಬರಿಯಾಗಬೇಡಿ

ಉಡುಪಿ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿರುವ ನನ್ನನ್ನು ಜನ ಮೊದಲು ಕೇಳುವುದು ಇದನ್ನೇ: "ನಾನ್‌ಬೇಲೇಬಲ್ ಅಂತೆ, ಇನ್ನು ಬಿಡುವುದೇ ಇಲ್ವಾ ಮಾರಾಯ್ರೆ?" ಹಾಗಲ್ಲ. ನಾನ್‌ಬೇಲೇಬಲ್ ಅಂದರೆ ಜಾಮೀನು ಹಕ್ಕಾಗಿ ಸಿಗದ ಅಪರಾಧ, ಅಷ್ಟೇ. ಜಾಮೀನು ಕೇಳಬಹುದು; ಕೊಡುವುದು ನ್ಯಾಯಾಧೀಶರ ವಿವೇಚನೆ. ಬಂಧನದ ಭಯ ಮೊದಲೇ ಇದ್ದರೆ ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿ.

ಎಫ್‌ಐಆರ್, ಅಂದರೆ ಪೊಲೀಸರು ದೂರನ್ನು ಮೊದಲು ದಾಖಲಿಸುವ ವರದಿ, ಬರೀ ಆರಂಭ. ದೂರು ಕೊಟ್ಟವರು ಅದರ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಸಲ್ಲಿಸುವ ಆರೋಪಪಟ್ಟಿಯೇ ಚಾರ್ಜ್‌ಶೀಟ್. ನಿಮ್ಮವರು ಜೈಲಿನಲ್ಲಿದ್ದರೆ ದಿನ ಎಣಿಸಿ: ಅಪರಾಧದ ಗಂಭೀರತೆಗೆ ತಕ್ಕಂತೆ ಸಾಮಾನ್ಯವಾಗಿ 60 ಇಲ್ಲವೇ 90 ದಿನದೊಳಗೆ ಅದು ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಅರ್ಜಿ ಮಾತ್ರ ಹಾಕಲೇಬೇಕು. ತೀರ್ಪು ಬರುವವರೆಗೆ ಕೇಸಿನಲ್ಲಿ ಸಿಕ್ಕಿದವನು ಆರೋಪಿ, ಅಪರಾಧಿಯಲ್ಲ. ಊರಿನವರೂ ಇದನ್ನು ನೆನಪಿಡಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.