ಪೋಸ್ಟ್ ವೈರಲ್ ಆಗೋದು ಯಾಕೆ? ಕಂಬಳದ ಕರೆಯಲ್ಲೊಂದು ಉತ್ತರ ಇದೆ

ಕಂಬಳದ ವಿಡಿಯೊಗಳು ಯೂಟ್ಯೂಬ್‌ನಲ್ಲಿ ವರ್ಷಗಳಿಂದ ಇದ್ದವು. ಕರಾವಳಿಯವರು ನೋಡುತ್ತಿದ್ದರು, ಮುಂಬೈ, ದುಬೈ ಸೇರಿದ ತುಳುವರು ನೋಡುತ್ತಿದ್ದರು, ಅಷ್ಟೇ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಆಮೇಲೆ ಯಾರೋ ಭಾಗಾಕಾರ ಮಾಡಿದರು: 100 ಮೀಟರಿಗೆ 9.55 ಸೆಕೆಂಡ್. ಉಸೇನ್ ಬೋಲ್ಟ್ ದಾಖಲೆ 9.58. ಅಲ್ಲಿಂದ ಶುರು ನೋಡಿ! ಶಶಿ ತರೂರ್ ಹಂಚಿದರು, ಆನಂದ್ ಮಹೀಂದ್ರ ಹಂಚಿದರು, ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು, ವಿದೇಶದ ಸುದ್ದಿವಾಹಿನಿಗಳೂ ಕಂಬಳ ಎಂದರೇನು ಅಂತ ವಿವರಿಸಲು ಕೂತವು.

ಕೆಸರು ಅದೇ, ಕೋಣ ಅವೇ. ಹೊಸದಾಗಿ ಸೇರಿದ್ದು ಒಂದು ಮಾತು ಮಾತ್ರ, ‘ಬೋಲ್ಟ್‌ಗಿಂತ ಜೋರು’ ಅನ್ನೋದು. ಕಂಬಳ ಗೊತ್ತಿಲ್ಲದವನೂ ಅದನ್ನು ಹೇಳಿ ವಿಡಿಯೊ ದಾಟಿಸಬಹುದಿತ್ತು. ನನ್ನ ಪ್ರಕಾರ ವೈರಲ್ ಆಗುವ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇಷ್ಟೇ: ಹಂಚುವವನಿಗೆ ಹೇಳಲು ಏನು ಸಿಗುತ್ತದೆ?

ಮೊದಲು ಆ ಮಾತು ಹುಡುಕಿ

ನಿಮ್ಮೂರಿನ ಕೆರೆಯ ಹೂಳು ತೆಗೆದಿದ್ದೀರಿ ಅಂದುಕೊಳ್ಳಿ. ಸಾಮಾನ್ಯವಾಗಿ ಏನು ಹಾಕುತ್ತೇವೆ? ‘ಕೆರೆ ಅಭಿವೃದ್ಧಿ ಕಾರ್ಯಕ್ರಮ ಯಶಸ್ವಿಯಾಗಿ ನೆರವೇರಿತು, ಸಹಕರಿಸಿದ ಸರ್ವರಿಗೂ ಧನ್ಯವಾದಗಳು’. ಜೊತೆಗೆ ಹಾರ, ಶಾಲು, ವೇದಿಕೆ ಮೇಲೆ ಸಾಲಾಗಿ ಕೂತವರ ಒಂದು ರಾಶಿ ಫೋಟೊ. ಫೋಟೊದಲ್ಲಿ ಇರುವವರು ಲೈಕ್ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು.

ಅದರ ಬದಲು ಒಂದೇ ಜಾಗದಲ್ಲಿ ನಿಂತು ಮೊದಲೊಮ್ಮೆ, ಮಳೆ ಬಂದ ಮೇಲೊಮ್ಮೆ ತೆಗೆದ ಎರಡೇ ಫೋಟೊ ಹಾಕಿ, ಹೀಗೆ ಬರೆಯಿರಿ: ‘ಮಾರ್ಚ್‌ನಲ್ಲಿ ಇಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರು. ಆಗಸ್ಟ್‌ನಲ್ಲಿ ಎಮ್ಮೆ ಈಜ್ತಿವೆ.’ ನಿಮ್ಮೂರಿನ ಹೆಸರೇ ಕೇಳದ ಬೀದರ್‌ನವರೂ ಇದನ್ನು ತಮ್ಮ ಪಂಚಾಯಿತಿ ಗ್ರೂಪಿಗೆ ಹಾಕಿ ‘ನಮ್ಮಲ್ಲಿ ಯಾವಾಗ?’ ಅಂತ ಕೇಳಬಹುದು. ಧನ್ಯವಾದಗಳನ್ನು ಕಾಮೆಂಟಿನಲ್ಲಿ ಹೇಳಿದರಾಯಿತು.

ಓದಿದವನಿಗೆ ಸುಮ್ನೆ ಕೂರಲು ಆಗಬಾರದು

ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ಎಂಬ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಲೇಖನ ಹಿಡಿದು, ಜನ ಯಾವುದನ್ನು ಜಾಸ್ತಿ ಇಮೇಲ್ ಮಾಡುತ್ತಾರೆ ಅಂತ ನೋಡಿದ್ದರು. 2012ರಲ್ಲಿ ಪ್ರಕಟವಾದ ಅಧ್ಯಯನ ಅದು. ಬೆರಗು, ಸಿಟ್ಟು, ಆತಂಕ ಹುಟ್ಟಿಸಿದವು ಜಾಸ್ತಿ ಓಡಿದವು. ಬರೀ ದುಃಖ ಹುಟ್ಟಿಸಿದವು ಅಷ್ಟಾಗಿ ಓಡಲಿಲ್ಲ. ದುಃಖವಾದರೆ ಮನುಷ್ಯ ಫೋನ್ ಕೆಳಗಿಡುತ್ತಾನೆ, ಬೆರಗಾದರೆ ಪಕ್ಕದವನಿಗೆ ತೋರಿಸುತ್ತಾನೆ, ಅಲ್ವಾ?

ವಾದಕ್ಕೂ ಸ್ವಲ್ಪ ಜಾಗ ಇರಲಿ. ಗೌಡರ ವಿಷಯದಲ್ಲಿ ಒಬ್ಬರು ‘ಅವರನ್ನು ಎಳೆದುಕೊಂಡು ಹೋಗೋದು ಕೋಣ’ ಅಂದರೆ, ಇನ್ನೊಬ್ಬರು ‘ಬೋಲ್ಟ್‌ನ ಕೆಸರಲ್ಲಿ ಓಡಿಸಿ ನೋಡೋಣ’ ಅಂದರು. ಹೋಲಿಕೆ ಸರಿ ಇರಲಿಲ್ಲ, ನಿಜ. ಆದರೆ ಸರಿ ಇಲ್ಲ ಅಂತ ಬರೆದವರೂ ಅದನ್ನೇ ಇನ್ನಷ್ಟು ಜನರಿಗೆ ಮುಟ್ಟಿಸಿದರು.

ಯಂತ್ರಕ್ಕೆ ಏನು ಬೇಕು?

ಇದು ಬೇಗ ಹೇಳಿ ಮುಗಿಸುವಂಥದ್ದು. ಪೋಸ್ಟನ್ನು ಆ್ಯಪ್ ಮೊದಲು ಸ್ವಲ್ಪ ಜನರಿಗೆ ತೋರಿಸುತ್ತದೆ, ಅವರು ಏನು ಮಾಡಿದರು ಅಂತ ನೋಡಿ ಮುಂದಕ್ಕೆ ಕಳಿಸುತ್ತದೆ ಅಥವಾ ಅಲ್ಲೇ ಬಿಡುತ್ತದೆ. ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಈ ಮೂರು ಮುಖ್ಯ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಅವರೇ ಹೇಳಿದ್ದಾರೆ. ನಿಮ್ಮನ್ನು ಫಾಲೋ ಮಾಡದವರನ್ನು ತಲುಪಲು ಲೈಕ್‌ಗಿಂತ ‘ಕಳಿಸಿದ್ದು’ ದೊಡ್ಡದು. ಹಾಗಾಗಿ ವಿಡಿಯೊ ಶುರುವಿನಲ್ಲಿ ‘ಹಾಯ್ ಫ್ರೆಂಡ್ಸ್’, ಲೋಗೊ, ಮ್ಯೂಸಿಕ್ ಎಲ್ಲ ಬೇಡ. ಎಮ್ಮೆ ಈಜುವುದನ್ನೇ ಮೊದಲು ತೋರಿಸಿ.

ಬೇರೆ ಬೇರೆ ಬಳಗಕ್ಕೆ ದಾಟಿಸಿ

ನಿಮ್ಮ ಊರಿನ ಗ್ರೂಪುಗಳಿಗೆಲ್ಲ ಹಾಕಿದರೆ ಅದೇ ಜನ ಮತ್ತೆ ಮತ್ತೆ ನೋಡುತ್ತಾರೆ. ಬೇರೆ ಬಳಗದ ಮೂರ್ನಾಲ್ಕು ಜನರಿಗೆ ಕೊಡಿ: ಪಕ್ಷಿ ನೋಡುವ ಗೆಳೆಯ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರ ಹುಡುಗಿ, ಕೃಷಿ ಗ್ರೂಪ್ ನಡೆಸುವವರು. ಕಂಬಳ ಕ್ರೀಡಾಪ್ರಿಯರ ಬಳಗಕ್ಕೆ ದಾಟಿದ್ದರಿಂದಲೇ ದೇಶ ಸುತ್ತಿತು.

ಇಷ್ಟಾದರೂ ಗ್ಯಾರಂಟಿ ಇಲ್ಲ, ಅದೃಷ್ಟವೂ ಬೇಕು. 2019ರ ಜನವರಿಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ಒಂದು ಬರೀ ಕೋಳಿಮೊಟ್ಟೆಯ ಫೋಟೊ, ‘ಎಲ್ಲರೂ ಸೇರಿ ದಾಖಲೆ ಮುರಿಯೋಣ’ ಅಂತ ಕರೆದು, ಅಮೆರಿಕದ ಸೆಲೆಬ್ರಿಟಿ ಕೈಲಿ ಜೆನ್ನರ್ ಹೆಸರಿನಲ್ಲಿದ್ದ 1.8 ಕೋಟಿ ಲೈಕ್‌ಗಳ ದಾಖಲೆ ಮುರಿಯಿತು. ನೀವು ನಾಳೆ ಮೊಟ್ಟೆ ಹಾಕಿದರೆ ನಿಮ್ಮ ಮನೆಯವರೂ ನೋಡಲ್ಲ. ಐಕಳದ ಓಟದ ಬೆನ್ನಿಗೇ ವೇಣೂರು ಕಂಬಳದಲ್ಲಿ ನಿಶಾಂತ್ ಶೆಟ್ಟಿ 143 ಮೀಟರ್ ಅನ್ನು 13.61 ಸೆಕೆಂಡಿನಲ್ಲಿ ಓಡಿದರು. ಲೆಕ್ಕದಲ್ಲಿ ಗೌಡರಿಗಿಂತ ವೇಗ. ಸುದ್ದಿಯೇನೋ ಆಯಿತು, ಆದರೆ ಮೊದಲಿನಷ್ಟು ಗದ್ದಲ ಆಗಲಿಲ್ಲ.

ಒತ್ತುವ ಮುಂಚೆ

ಭಯವೂ ಇದೇ ದಾರಿಯಲ್ಲೇ ಓಡುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಹರಡಿದ ವಿಡಿಯೊಗಳಲ್ಲಿ ಒಂದು, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ಮಾಡಿದ ಜಾಗೃತಿ ವಿಡಿಯೊ. ಕೊನೆಯಲ್ಲಿದ್ದ ಜಾಗೃತಿಯ ಮಾತನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು. ಇಂಥ ವದಂತಿ ನಂಬಿದ ಗುಂಪುಗಳು ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಅಮಾಯಕರನ್ನು ಹೊಡೆದು ಕೊಂದವು. ಆ ವರ್ಷವೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿತು.

ನಿಮ್ಮ ಕೆರೆಯ ಫೋಟೊವನ್ನೂ ಯಾರೋ ಹೀಗೆ ಕತ್ತರಿಸಬಹುದು. ಓಡಲು ಶುರುವಾದ ಮೇಲೆ ನಿಮ್ಮ ಕ್ಯಾಪ್ಶನ್ ಉಳಿಯಲ್ಲ, ಬರೀ ಸ್ಕ್ರೀನ್‌ಶಾಟ್ ಉಳಿಯುತ್ತದೆ. ಅದಕ್ಕೆ ಊರು, ತಾಲ್ಲೂಕು, ತಿಂಗಳು, ವರ್ಷವನ್ನು ಫೋಟೊದ ಮೇಲೇ ಬರೆಯಿರಿ. ಮೂಲೆಯಲ್ಲಿ ಬೇಡ, ಕತ್ತರಿಸಲು ಸುಲಭ. ನೀರಿನ ಮೇಲೇ, ಎಮ್ಮೆಯ ಪಕ್ಕದಲ್ಲೇ ಹಾಕಿ.