ವಾರಕ್ಕೊಂದು ತೂಕ, ವಾರಕ್ಕೊಂದು ಪ್ರಶ್ನೆ: ಪೋಲೆಂಡಿನ ಶಾಲೆಯೊಂದಿಗೆ ನಮ್ಮ ಮೂರು ವರ್ಷ

"ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ಯಾಕೆ ಟೀಚರ್?" ಎಂದು ಮೊದಲು ಕೇಳಿದವರು ನಮ್ಮ ಸ್ಟಾಫ್ ರೂಮಿನವರೇ. ಆಮೇಲೆ ಪಿ.ಟಿ.ಎ. (ಹೆತ್ತವರ ಮತ್ತು ಶಿಕ್ಷಕರ ಸಂಘ) ಸಭೆಯಲ್ಲಿಯೂ ಅದೇ ಪ್ರಶ್ನೆ ಎದ್ದಿತು. ವಿದೇಶದ ಶಾಲೆಯ ಜೊತೆ ಸೇರಿ ಪರಿಸರ, ಆರೋಗ್ಯ ಎಂದು ಕೆಲಸ ಮಾಡುವುದು ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸರಿ, ಗುಡ್ಡದ ಮೇಲಿನ ನಮ್ಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಲ್ಲ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಈಗ ಶುಕ್ರವಾರ ಮಧ್ಯಾಹ್ನವಾದರೆ ತಕ್ಕಡಿ ಎಲ್ಲಿದೆ ಎಂದು ಅವರೇ ನನಗಿಂತ ಮೊದಲು ಹುಡುಕುತ್ತಾರೆ. ಕಾಸರಗೋಡಿನ ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ನಾಲ್ಕೈದು ಶಾಲೆಗಳಿಂದ ಫೋನ್ ಬಂದಿದೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಲೆಕ್ಕಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ಹತ್ತಿಪ್ಪತ್ತು ಆಚೀಚೆ ಇರಬಹುದು.

ನಮ್ಮದು ಪೆರ್ಲ, ಬದಿಯಡ್ಕದ ಕಡೆಯ ಅನುದಾನಿತ ಶಾಲೆ. ಒಂದರಿಂದ ಏಳರವರೆಗೆ ಸುಮಾರು ನೂರನಲವತ್ತು ಮಕ್ಕಳು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮರಾಟಿ, ಮಲಯಾಳ, ಬ್ಯಾರಿ ಮಾತನಾಡಿ ಬಂದು ಇಲ್ಲಿ ಕನ್ನಡದಲ್ಲಿ ಕಲಿಯುವವರು. ಆ ಕಡೆಯದು ದಕ್ಷಿಣ ಪೋಲೆಂಡಿನ ಒಂದು ಸಣ್ಣ ಪಟ್ಟಣದ ಪ್ರಾಥಮಿಕ ಶಾಲೆ. ಅಲ್ಲಿ ಪ್ರಾಥಮಿಕ ಎಂದರೆ ಎಂಟು ತರಗತಿ. ಜೀವಶಾಸ್ತ್ರ ಕಲಿಸುವ ಒಬ್ಬ ಶಿಕ್ಷಕಿ ನನ್ನ ಜೊತೆಗಾರ್ತಿ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಎಲ್ಲರಂತೆ ನಾನೂ ವಿಡಿಯೋ ಕರೆಯಿಂದಲೇ ಆರಂಭಿಸಿದ್ದೆ. ಆರು ಮಕ್ಕಳಿಗೆ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿಸಿದೆ. ಹದಿನೈದು ದಿನ ಸಂಜೆ ನಿಲ್ಲಿಸಿ ಅಭ್ಯಾಸ ಮಾಡಿಸಿದೆ. ನವೆಂಬರಿನ ಮೊದಲ ವಾರ, ಅವರ ಬೆಳಿಗ್ಗೆ ಹನ್ನೊಂದು ಎಂದರೆ ನಮ್ಮ ಎರಡೂವರೆ ಎಂದು ಲೆಕ್ಕ ಹಾಕಿ ಮಕ್ಕಳನ್ನು ಕೂರಿಸಿದರೆ ಆ ಕಡೆ ಯಾರೂ ಇಲ್ಲ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಗುತ್ತದೆ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರು ಬರುವ ಹೊತ್ತಿಗೆ ಮೂರೂವರೆ, ಕರೆಂಟು ಹೋಗಿತ್ತು, ದೂರದ ಮಕ್ಕಳ ಜೀಪು ಗೇಟಿನ ಬಳಿ ಹಾರ್ನ್ ಹಾಕುತ್ತಿತ್ತು. ಮೊಬೈಲಿನಲ್ಲಿ ನಾಲ್ಕು ನಿಮಿಷ ಮಾತಾಯಿತು. ಬಾಯಿಪಾಠ ಮಾಡಿದ ಹುಡುಗಿ ಎರಡನೆಯ ವಾಕ್ಯದಲ್ಲಿ ನಿಂತಳು, ಅತ್ತಳು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಬಗ್ಗೆ, ಅದರ ನೀರಿನ ಬಗ್ಗೆ ಅವಳಿಗೆ ಅವಳದೇ ಭಾಷೆಯಲ್ಲಿ ಒಂದು ಗಂಟೆ ಹೇಳುವಷ್ಟು ಗೊತ್ತಿತ್ತು. ಅದನ್ನು ಕಿತ್ತುಕೊಂಡು, ಯಾರೋ ಬರೆದ ನಾಲ್ಕು ಸಾಲು ಬಾಯಿಗೆ ತುರುಕಿದವಳು ನಾನು.

ಎರಡನೆಯ ಸೋಲು ಪಾರ್ಸೆಲ್ಲಿನದು. ಪಡುವಲ, ಅಲಸಂಡೆ, ಬೆಂಡೆಯ ಬೀಜಗಳನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ಕಳುಹಿಸಿದೆವು. ಅಂಚೆ ಖರ್ಚು ಎರಡು ಸಾವಿರದ ಚಿಲ್ಲರೆ, ನನ್ನ ಕೈಯಿಂದಲೇ. ಬೀಜಗಳು ಅವರನ್ನು ತಲುಪಲೇ ಇಲ್ಲ. ಹೊರಗಿನಿಂದ ಬರುವ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು ಎಂಬುದು ಯುರೋಪಿನ ನಿಯಮ. 2019ರ ಡಿಸೆಂಬರಿನಿಂದ ತಾಜಾ ಹಣ್ಣು, ತರಕಾರಿಗಳಿಗೂ ಅದು ಬೇಕು. ಅನಾನಸು, ಬಾಳೆ, ಖರ್ಜೂರ, ದುರಿಯನ್, ತೆಂಗಿನಕಾಯಿ ಇವಕ್ಕೆ ಮಾತ್ರ ವಿನಾಯಿತಿ. ತೆಂಗಿನಕಾಯಿಯ ಊರಿನವರಾದ ನಾವು ಬಿಟ್ಟಿದ್ದು ಅದೊಂದನ್ನೇ. ಈಗ ಏನನ್ನೂ ಕಳುಹಿಸುವುದಿಲ್ಲ; ವರ್ಷಕ್ಕೆ ಮೂರು ಕಾಗದದ ಲಕೋಟೆ ಮಾತ್ರ.

ಆ ವರ್ಷ ಬೇಸಗೆ ರಜೆಯಲ್ಲಿ ಎಲ್ಲವನ್ನೂ ಕೆಳಗಿಟ್ಟು ಹೊಸದಾಗಿ ಯೋಚಿಸಿದೆ. ಪೋಲೆಂಡಿನ ಟೀಚರಿಗೂ ಒಂದು ಸಂಕಟವಿತ್ತು. ಮಕ್ಕಳ ಮುಖ ಕಾಣುವ ಫೋಟೊ ಕಳುಹಿಸಲು ಅವರಿಗೆ ಪ್ರತಿ ಹೆತ್ತವರ ಒಪ್ಪಿಗೆ ಬೇಕು. 2018ರಿಂದ ಅಲ್ಲಿನ ಖಾಸಗಿ ಮಾಹಿತಿ ರಕ್ಷಣೆಯ ನಿಯಮ ಬಿಗಿ. ಹಾಗಾದರೆ ಮುಖ ಬೇಡ, ಕೈ ಸಾಕು ಎಂದೆ. ಅಲ್ಲಿಂದ ದಾರಿ ತೆರೆಯಿತು.

ಪ್ರತಿ ಶುಕ್ರವಾರ ಎರಡೂ ಶಾಲೆಗಳು ಒಂದು ಅಳತೆ, ಅಳೆಯುವ ಕೈಗಳ ಒಂದು ಫೋಟೊ, ಒಂದು ಪ್ರಶ್ನೆ ಕಳುಹಿಸಬೇಕು. ಇಷ್ಟೇ. ನಮ್ಮವರು ಕನ್ನಡದಲ್ಲಿ ಬರೆಯುತ್ತಾರೆ, ಅವರು ಪೋಲಿಷ್‌ನಲ್ಲಿ. ಶಿಕ್ಷಕರಿಬ್ಬರೂ ಮೊಬೈಲಿನ ಅನುವಾದವನ್ನು ಇಂಗ್ಲಿಷಿಗೆ ತಂದು ತಿದ್ದುತ್ತೇವೆ. ತಿದ್ದದಿದ್ದರೆ ಆಗುವುದಿಲ್ಲ. ಹಳ್ಳಕ್ಕೆ ಹಾಕುವ ಕಟ್ಟ (ನೀರು ತಡೆಯುವ ಒಡ್ಡು) ಎಂದು ಮಕ್ಕಳು ಬರೆದದ್ದು ಅಲ್ಲಿ ಏನೋ ಗಂಟು ಕಟ್ಟುವ ಕೆಲಸವಾಗಿ ತಲುಪಿತ್ತು. ಆಮೇಲೆ ನಿಯಮ ಮಾಡಿದೆ: ವಾಕ್ಯದಲ್ಲಿ ಒಂದೇ ಕ್ರಿಯಾಪದ, ಊರಿನದೇ ಆದ ಶಬ್ದಗಳಿಗೆ ಅನುವಾದವಿಲ್ಲ, ಪಕ್ಕದಲ್ಲಿ ಚಿತ್ರ. ಕಟ್ಟ, ಮದಕ (ಮಳೆನೀರು ನಿಲ್ಲುವ ಕೆರೆ), ಸುರಂಗ, ಪದವು (ಗುಡ್ಡದ ಮೇಲಿನ ಬಯಲು), ಪುನರ್ಪುಳಿ (ಕೋಕಂ), ಈ ಐದು ಕನ್ನಡ ಶಬ್ದಗಳು ಅಲ್ಲಿನ ಆರನೆಯ ತರಗತಿಯ ಗೋಡೆಯ ಮೇಲೆ ಈಗ ಅಂಟಿಕೊಂಡಿವೆ. ನನಗೆ ಇದರಷ್ಟು ಹೆಮ್ಮೆ ಬೇರೆ ಯಾವುದರಲ್ಲಿಯೂ ಇಲ್ಲ.

ನಾವು ಮೊದಲು ತೂಗಿದ್ದು ಪ್ಯಾಕೆಟ್ ತಿಂಡಿಗಳ ಖಾಲಿ ಲಕೋಟೆಗಳನ್ನು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುನ್ನೂರೈವತ್ತು ರೂಪಾಯಿ. ಮೊದಲ ವಾರ ಒಂದೂ ಕಾಲು ಕಿಲೋ ಬಂತು. ಒಂದು ಲಕೋಟೆ ಎರಡು ಮೂರು ಗ್ರಾಂ ತೂಗುವುದಿಲ್ಲ ಎಂದು ಗೊತ್ತಿದ್ದವರಿಗೆ ಇದರ ಅರ್ಥ ಆಗುತ್ತದೆ. ಹೆದರಿ ಪ್ಯಾಕೆಟ್ ತರಲೇಬಾರದು ಎಂದು ಶಾಲೆಯಲ್ಲಿ ಸಾರಿಬಿಟ್ಟೆ. ಮೂರು ವಾರದಲ್ಲಿ ತೂಕ ಇನ್ನೂರು ಗ್ರಾಮಿಗೆ ಇಳಿಯಿತು. ಗೆದ್ದೆವೆಂದು ಸಂಭ್ರಮದಿಂದ ಕಳುಹಿಸಿದೆವು. ಆ ಕಡೆಯಿಂದ ಒಂದು ಪ್ರಶ್ನೆ ಬಂತು: "ಶಾಲೆಗೆ ಬರುವ ದಾರಿಯಲ್ಲಿಯೂ ತೂಗಿ ನೋಡಿದ್ದೀರಾ?"

ಏಳನೆಯವರು ಗೋಣಿ ಹಿಡಿದು ಬಸ್ ನಿಲ್ದಾಣದವರೆಗೆ ನಡೆದರು. ಅಡಿಕೆ ತೋಟದ ಕಣಿಯಲ್ಲಿ, ಪಾಗಾರದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿದ್ದು ಎರಡು ಕಿಲೋಕ್ಕೂ ಮೇಲೆ. ನಾನು ನಿಷೇಧಿಸಿದ್ದು ತಿನ್ನುವುದನ್ನಲ್ಲ, ಕಾಣುವುದನ್ನು. ನಿಷೇಧವನ್ನು ಅದೇ ದಿನ ತೆಗೆದುಹಾಕಿದೆ. ಬದಲಾಗಿ ಅಂಗಡಿಯ ಅಣ್ಣನ ಬಳಿಗೆ ಹೋದೆ. ಅವರಿಗೆ ನನ್ನ ಮೇಲೆ ಕೋಪವಿತ್ತು, ಅದು ನ್ಯಾಯವೂ ಹೌದು. ಅವರ ಸಂಸಾರ ಅದೇ ಐದು ರೂಪಾಯಿಗಳಲ್ಲಿ ನಡೆಯುವುದು. ಮದರ್ ಪಿ.ಟಿ.ಎ.ಯ ಇಬ್ಬರು ತಾಯಂದಿರು ಬೇಯಿಸಿದ ನೆಲಗಡಲೆ, ಅವಲಕ್ಕಿ, ಮರಗೆಣಸಿನ ಹಪ್ಪಳ ಮಾಡಿ ಅವರ ಅಂಗಡಿಯಲ್ಲಿಯೇ ಮಾರಲು ಇಟ್ಟರು. ಐದು ರೂಪಾಯಿಯಲ್ಲಿ ಒಂದೂವರೆ ಅಂಗಡಿಗೆ. ಮೊದಲ ತಿಂಗಳು ಹಪ್ಪಳ ಮೆತ್ತಗಾಗಿ ನಾನೂರು ರೂಪಾಯಿ ನಷ್ಟವಾಯಿತು, ಅದನ್ನು ನಾನು ತುಂಬಿದೆ. ಪುನರ್ಪುಳಿ ಶರಬತ್ತು ಮಾತ್ರ ಮೊದಲ ದಿನವೇ ಗೆದ್ದಿತು. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿಯೂ ಮಕ್ಕಳಿಗೆ ಗೊತ್ತಾಗದಂತೆ ಮಾಡುವ ಒಂದು ಉಪಾಯವಿದೆ. ಅದು ಆ ಇಬ್ಬರು ತಾಯಂದಿರ ಸಂಪಾದನೆಯ ಗುಟ್ಟು, ನಾನು ಹೇಳುವುದಿಲ್ಲ. ಈಗ ದಾರಿಯೂ ಶಾಲೆಯೂ ಸೇರಿ ವಾರಕ್ಕೆ ಮುನ್ನೂರು, ಮುನ್ನೂರೈವತ್ತು ಗ್ರಾಂ. ಅದನ್ನು ತೊಳೆದು ಒಣಗಿಸಿ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಕೊಡುತ್ತೇವೆ.

ಅವರು ತೂಗಿದ್ದು ತಮ್ಮ ಕ್ಯಾಂಟೀನಿನಲ್ಲಿ ಬಿಸಾಡುವ ಸೂಪು, ಆಲೂಗಡ್ಡೆಯನ್ನು. ಅದರ ಕಥೆಯನ್ನು ಅವರೇ ಬರೆಯಲಿ.

ಆರೋಗ್ಯದ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಚಿಲಕ. ಒಂದು ಮಗು ಶಾಲೆಯಲ್ಲಿ ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತದೆ ಎಂಬ ಪ್ರಶ್ನೆ ಬಂತು. ಒಂದು ವಾರ ಗೆರೆ ಎಳೆದು ಲೆಕ್ಕ ಇಟ್ಟೆವು. ಗಂಡುಮಕ್ಕಳು ಮೂರು ನಾಲ್ಕು ಲೋಟ. ಆರು, ಏಳನೆಯ ತರಗತಿಯ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನಾಲ್ಕು ಗಂಟೆಯವರೆಗೆ ಒಂದು ಲೋಟ, ಕೆಲವರು ಅದೂ ಇಲ್ಲ. ಯಾಕೆ ಎಂದು ನಾನು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಪೋಲೆಂಡಿಗೆ ಕಾರಣ ಬರೆಯಬೇಕು, ಹೆಸರು ಬೇಡ ಎಂದು ಚೀಟಿ ಕೊಟ್ಟಾಗ ಹದಿಮೂರು ಚೀಟಿಗಳಲ್ಲಿ ಒಂದೇ ಮಾತು: ಶೌಚಾಲಯದ ಎರಡನೆಯ ಬಾಗಿಲಿಗೆ ಚಿಲಕ ಇಲ್ಲ. ಹದಿನಾಲ್ಕು ವರ್ಷದಿಂದ ಆ ಶಾಲೆಯಲ್ಲಿರುವ ಹೆಂಗಸು ನಾನು, ನನಗೆ ಗೊತ್ತಿರಲಿಲ್ಲ. ಚಿಲಕಕ್ಕೆ ನೂರೆಂಬತ್ತು ರೂಪಾಯಿ, ಬಡಗಿಗೆ ಇನ್ನೂರು. ಮುಂದಿನ ತಿಂಗಳು ಅದೇ ಮಕ್ಕಳ ಲೆಕ್ಕ ಮೂರು ಲೋಟಕ್ಕೆ ಏರಿತು. ಮೂರು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಇದೇ.

ಮಳೆಯ ಲೆಕ್ಕ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಜುಲೈಯ ಒಂದೇ ದಿನ ನಮ್ಮ ಮಳೆಮಾಪಕದಲ್ಲಿ ನೂರನಲವತ್ತು ಮಿಲಿಮೀಟರ್ ನಿಂತಿತ್ತು. ಅವರಿಗೆ ಆಗ ರಜೆ. ಸೆಪ್ಟೆಂಬರಿನಲ್ಲಿ ನಮ್ಮ ಪಟ್ಟಿ ನೋಡಿದ ಟೀಚರು ದಶಾಂಶ ಚಿಹ್ನೆ ತಪ್ಪಿದೆಯೇ ಎಂದು ಕೇಳಿದರು. ಪೋಲೆಂಡಿನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್. ನಮ್ಮಲ್ಲಿ 3500ರ ಆಸುಪಾಸು. ಆದರೆ ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರಿಗೆ ಕಾಯುವವರು ನಾವು. "ನಿಮ್ಮ ಮಳೆ ಎಲ್ಲಿಗೆ ಹೋಯಿತು?" ಎಂಬ ಅವರ ಪ್ರಶ್ನೆಯನ್ನು ಕರಿಹಲಗೆಯ ಮೇಲ್ಭಾಗದಲ್ಲಿ ಬರೆದು ಒಂದು ತಿಂಗಳು ಅಳಿಸಲಿಲ್ಲ. ಮಕ್ಕಳು ಅಜ್ಜಂದಿರನ್ನು ಕೇಳಿ ಬಂದರು. ನಮ್ಮ ಹಳ್ಳಕ್ಕೆ ಹಿಂದೆ ಮೂರು ಕಟ್ಟಗಳಿದ್ದವಂತೆ, ಈಗ ಒಂದೂ ಇಲ್ಲ. ಡಿಸೆಂಬರಿನಲ್ಲಿ ನೀರಿನ ಹರಿವು ಇಳಿದ ಮೇಲೆ ಒಂದನ್ನು ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ಊರವರೇ ಕಟ್ಟಿದರು. ನಾವು ಅಳೆದದ್ದು ಮಾತ್ರ. ಪಕ್ಕದ ಬಾವಿಯಲ್ಲಿ ಹಗ್ಗ ಇಳಿಸಿ ವಾರ ವಾರ ನೋಡಿದರೆ ಮಾರ್ಚ್ ಕೊನೆಗೆ ನೀರು ಹಿಂದಿನ ವರ್ಷಕ್ಕಿಂತ ಸುಮಾರು ನಾಲ್ಕು ಅಡಿ ಮೇಲೆ ಇತ್ತು. ಆ ವರ್ಷ ಹಿಂಗಾರು ಚೆನ್ನಾಗಿತ್ತು ಎಂಬುದೂ ನಿಜ. ಇನ್ನೂ ಎರಡು ವರ್ಷ ಅಳೆಯದೆ ಕಟ್ಟದಿಂದಲೇ ಎಂದು ನಾನು ಹೇಳುವುದಿಲ್ಲ.

ಇದರ ನಡುವೆ ಒಂದು ಸುರಂಗದ ನೀರಿನ ಉಷ್ಣತೆಯನ್ನೂ ನೋಡಿದೆವು. ಜನವರಿಯ ಚಳಿಯ ಬೆಳಿಗ್ಗೆ, ಏಪ್ರಿಲಿನ ಉರಿಯ ಮಧ್ಯಾಹ್ನ, ಎರಡೂ ಸಲ 26ರಿಂದ 27 ಡಿಗ್ರಿ. ಅದೇ ಜನವರಿಯಲ್ಲಿ ಅವರ ಕಿಟಕಿಯ ಹೊರಗೆ ಸೊನ್ನೆಗಿಂತ ಎಂಟು ಕೆಳಗೆ. ಒಳಗೆ ಮಕ್ಕಳನ್ನು ಬಿಡಲಿಲ್ಲ, ಬಾಯಿಯ ಬಳಿಯ ತೊಟ್ಟಿಯಲ್ಲಿಯೇ ಅಳೆದದ್ದು. ಹಳೆಯ ಸುರಂಗಕ್ಕೆ ಯಾರೂ ಮಕ್ಕಳನ್ನು ನುಗ್ಗಿಸಬೇಡಿ.

ಇನ್ನೊಂದು ಪ್ರಯೋಗ ಉಪ್ಪಿನದು. ನಾವು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತೇವೆ, ಅವರು ಎಲೆಕೋಸನ್ನು. ಅವರದು ನೂರು ಗ್ರಾಮಿಗೆ ಎರಡು ಗ್ರಾಂ ಉಪ್ಪು, ಹುಳಿ ಬರಬೇಕು. ನಮ್ಮದರಲ್ಲಿ ಉಪ್ಪು ಅದರ ಹತ್ತು ಪಟ್ಟು ಇದ್ದೀತು, ಹುಳಿಯಾಗದೆ ಮಳೆಗಾಲ ದಾಟಬೇಕು. ಅವರ ಅಳತೆಯಲ್ಲಿ ನಾವು ಒಂದು ಭರಣಿ ಸೊಳೆ ಹಾಕಿದೆವು. ಎಂಟನೆಯ ದಿನಕ್ಕೆ ಲೋಳೆಯಾಗಿ ಎಸೆಯಬೇಕಾಯಿತು. ಎಲೆಕೋಸು ಮಾತ್ರ ನಮ್ಮ ಸೆಕೆಯಲ್ಲಿ ನಾಲ್ಕೇ ದಿನಕ್ಕೆ ಹುಳಿಯಾಗಿ ಬಂತು. ಅಡುಗೆಯ ಅಕ್ಕ ಅದಕ್ಕೆ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದರು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯಕ್ಕೆ ಬರಲು ನಾನು ಒಂದೂವರೆ ವರ್ಷ ಕಾದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ವಿಷ ಸುರಿದದ್ದು ನಮ್ಮ ಪಠ್ಯದ ಸಂಗತಿ ಅಲ್ಲ, ನಮ್ಮ ಮಕ್ಕಳ ಮನೆಗಳ ಸಂಗತಿ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆದರೆ ನೋವು ಇನ್ನೂ ಹಾಸಿಗೆಯ ಮೇಲೆ ಮಲಗಿದೆ. ಪೋಲೆಂಡಿನವರು ಫೋಟೊ ಕೇಳಿದರು. ಕೊಡುವುದಿಲ್ಲ ಎಂದೆ. ನಮ್ಮ ಮಕ್ಕಳ ಅಣ್ಣ, ಅಕ್ಕ, ಚಿಕ್ಕಪ್ಪಂದಿರು ಪ್ರದರ್ಶನದ ವಸ್ತುಗಳಲ್ಲ. ಬದಲಾಗಿ ಒಬ್ಬ ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬರೆದಳು: ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿದ್ದು, ಆ ವರ್ಷ ಜೇನುನೊಣಗಳು ಕಾಣದಾದದ್ದು. ಅದಕ್ಕೆ ಉತ್ತರವಾಗಿ ಅಲ್ಲಿನ ಹುಡುಗನೊಬ್ಬ ಚಳಿಗಾಲದಲ್ಲಿ ಕಲ್ಲಿದ್ದಲಿನ ಒಲೆಗಳ ಹೊಗೆಯಿಂದ ತನ್ನ ತಂಗಿ ಹೊರಗೆ ಆಡಲಾಗದ್ದನ್ನು ಬರೆದ. ಆ ಎರಡು ಪತ್ರಗಳನ್ನು ತರಗತಿಯಲ್ಲಿ ಓದಿದ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಹಣದ ಲೆಕ್ಕ. ಮೊದಲ ವರ್ಷ ಎಂಟು ಸಾವಿರದಷ್ಟು ಹೋಯಿತು, ಮುಕ್ಕಾಲು ಪಾಲು ವ್ಯರ್ಥ. ಎರಡನೆಯ ವರ್ಷ ಎರಡೂವರೆ ಸಾವಿರ, ಕಳೆದ ವರ್ಷ ಒಂದೂವರೆ ಸಾವಿರ. ಅವರು ನೀರಿನ ಶುದ್ಧೀಕರಣ ಯಂತ್ರಕ್ಕೆ ಹಣ ಸಂಗ್ರಹಿಸಿ ಕಳುಹಿಸುತ್ತೇವೆಂದಾಗ ಬೇಡ ಎಂದೆ. ವಿದೇಶಿ ದೇಣಿಗೆಗೆ ಕೇಂದ್ರದ ಕಾನೂನಿನಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು, ನಮ್ಮ ಬಳಿ ಎರಡೂ ಇಲ್ಲ. ಶಿಕ್ಷಕರು ತಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ. ಹಣ ಬೇಡವೆಂದ ಮೇಲೆ ಅವರ ಮಕ್ಕಳ ಪ್ರಶ್ನೆಗಳ ಧಾಟಿಯೂ ಬದಲಾಯಿತು. ಮೊದಲಿನ ಮರುಕ ಹೋಗಿ ಕುತೂಹಲ ಬಂತು.

ಎರಡೂ ಶಾಲೆಗಳು ಒಟ್ಟಿಗೆ ಕೆಲಸಕ್ಕೆ ಸಿಗುವ ತಿಂಗಳುಗಳು ನಾಲ್ಕೇ: ಅಕ್ಟೋಬರ್, ನವೆಂಬರ್, ಜನವರಿ, ಫೆಬ್ರವರಿ. ಉಳಿದಂತೆ ಹೆಚ್ಚಾಗಿ ಒಂದೋ ನಮಗೆ ಪರೀಕ್ಷೆ ಅಥವಾ ರಜೆ, ಇಲ್ಲವೇ ಅವರಿಗೆ ರಜೆ. ಚಳಿಗಾಲದಲ್ಲಿ ಅವರಿಗೆ ಮತ್ತೆ ಎರಡು ವಾರ ರಜೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಜೊತೆಗಾರ ಶಾಲೆಯನ್ನು ಹೇಗೆ ಹುಡುಕಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಹನ್ನೊಂದು ಪತ್ರ ಬರೆದೆ, ಹತ್ತಕ್ಕೆ ಉತ್ತರವಿಲ್ಲ. ಹನ್ನೊಂದನೆಯದರಲ್ಲಿ ಏನು ಬರೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಈ ವರ್ಷ ಅದೇ ರೀತಿ ಇನ್ನೊಂದು ದೇಶಕ್ಕೆ ಬರೆದಿದ್ದೇನೆ.

ಕಳೆದ ಶುಕ್ರವಾರದ ಫೋಟೊದಲ್ಲಿ ನಮ್ಮ ಹುಡುಗನೊಬ್ಬನ ಬೆರಳುಗಳಲ್ಲಿ ಕಪ್ಪು ಕಲೆ ಇತ್ತು. ಅದು ಕಾಯಿಲೆಯೇ ಎಂದು ಆ ಕಡೆಯಿಂದ ಪ್ರಶ್ನೆ ಬಂದಿದೆ. ಗೇರುಸೊನೆ ತಾಗಿದ್ದು ಎಂದು ಅವನು ಬರೆಯುತ್ತಿದ್ದಾನೆ. ಪಕ್ಕದಲ್ಲಿ ಗೇರುಹಣ್ಣಿನ ಚಿತ್ರ ಬಿಡಿಸುವುದು ಇನ್ನೂ ಮುಗಿದಿಲ್ಲ.