ನಂಬುವಂಥ ಖಳನಾಯಕನನ್ನು ಬರೆಯುವುದು ಹೇಗೆ?

ಕಥಾಸ್ಪರ್ಧೆಗಳಿಗೆ ಬರುವ ಹಸ್ತಪ್ರತಿಗಳನ್ನು ಓದಿದವರಿಗೆ ಆ ಸಾವುಕಾರ ಚಿರಪರಿಚಿತ. ಹುರಿ ಮೀಸೆ, ಬೆರಳ ತುಂಬ ಉಂಗುರ, ಬಡವನ ಹೊಲದ ಮೇಲೆ ಕಣ್ಣು. ಕಥೆಗೆ ಒಬ್ಬ ಕೆಟ್ಟವನು ಬೇಕಿತ್ತು, ಅದಕ್ಕೇ ಅವನು ಕೆಟ್ಟವನು. ಧಾರವಾಡದ ಕಮ್ಮಟಗಳಲ್ಲಿಯೂ ಇವನದೇ ದರ್ಬಾರು.

ಮೊದಲು ಅವನಿಗೊಂದು ಕಸುಬು ಕೊಡಿ; ನಿಮಗೆ ಒಳಹೊರಗು ಗೊತ್ತಿರುವ ಕಸುಬು. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ಶೇಖರಪ್ಪ ಎಂದಿಟ್ಟುಕೊಳ್ಳೋಣ.

ಎರಡನೆಯದಾಗಿ, ಅವನಿಗೆ ಏನು ಬೇಕೆಂದು ಒಂದೇ ವಾಕ್ಯದಲ್ಲಿ ಬರೆದಿಡಿ. ‘ಹಣ’ ಎಂದರೆ ಸಾಲದು. ‘ರೈತ ಫಕೀರಪ್ಪನ ಮಾಲು ಈ ಹಂಗಾಮಿನಲ್ಲಿ ಬೇರೆ ಅಂಗಡಿಗೆ ಹೋಗಬಾರದು’ ಎಂದು ಬರೆದರೆ ಸಾಕು.

ಹೆಚ್ಚಿನವರು ಮುಗ್ಗರಿಸುವುದು ಮೂರನೆಯ ಹಂತದಲ್ಲಿ. ಶೇಖರಪ್ಪನ ಬಳಿ ತನ್ನದೇ ಆದ ನ್ಯಾಯ ಇರಬೇಕು, ಆ ನ್ಯಾಯ ಟೊಳ್ಳಾಗಿರಬಾರದು. ಬೀಜ, ಗೊಬ್ಬರಕ್ಕೆ ಮುಂಗಡ ಕೊಟ್ಟವನು ಅವನೇ. ಬ್ಯಾಂಕಿನವರು ಕಾಗದಪತ್ರ ಕೇಳುತ್ತಾ ಕುಳಿತಿದ್ದಾಗ ಫಕೀರಪ್ಪನ ಮಗಳ ಮದುವೆಗೆ ರಾತ್ರೋರಾತ್ರಿ ದುಡ್ಡು ಎಣಿಸಿದವನೂ ಅವನೇ. ಈಗ ದರ ಕುಸಿದಿದೆ. ಏರುವ ತನಕ ಮಾಲನ್ನು ಶೈತ್ಯಾಗಾರದಲ್ಲಿ ಇಡುತ್ತೇನೆ ಎನ್ನುತ್ತಾನೆ ಫಕೀರಪ್ಪ. ‘ಹಾಗಾದರೆ ನನ್ನ ದುಡ್ಡೂ ಅಲ್ಲೇ ತಣ್ಣಗೆ ಕೂರಬೇಕೇ?’ ಎನ್ನುತ್ತಾನೆ ಶೇಖರಪ್ಪ. ಈ ಜಗಳವನ್ನು ಪೂರ್ತಿಯಾಗಿ ಶೇಖರಪ್ಪನ ಬಾಯಿಂದಲೇ ಒಂದು ಪುಟ ಬರೆಯಿರಿ. ಕಥೆಯಲ್ಲಿ ಅದನ್ನು ಸೇರಿಸಬೇಡಿ. ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ; ಒಂದು ಕಡೆಯಾದರೂ ‘ಅವನು ಹೇಳುವುದೂ ಸರಿಯಲ್ಲವೇ’ ಎಂಬ ಮಾತು ಬರದಿದ್ದರೆ ಹರಿದು ಮತ್ತೆ ಬರೆಯಿರಿ.

ಆಮೇಲೆ ಅವನು ಗೆರೆ ದಾಟಲಿ, ಒಂದೇ ಹೆಜ್ಜೆ. ಕೊಲೆ, ಬೆಂಕಿ ಬೇಡ. ಫಕೀರಪ್ಪನ ಲಾಟಿಗೆ, ಅಂದರೆ ಮಾರಾಟಕ್ಕಿಟ್ಟ ರಾಶಿಗೆ, ಟೆಂಡರ್ ಹಾಕಲು ಬಂದ ಖರೀದಿದಾರನ ಕಿವಿಯಲ್ಲಿ ‘ಆ ಲಾಟಿಗೆ ಅವಸರವೇನಿಲ್ಲ’ ಎಂದರೆ ಮುಗಿಯಿತು. ಫಕೀರಪ್ಪನ ಒಂದು ವರ್ಷದ ದುಡಿಮೆ ಆ ಪಿಸುಮಾತಿನಲ್ಲಿ ಹೋಯಿತು.

ಇದೇನು ಹೊಸ ವಿದ್ಯೆಯಲ್ಲ. ಅಣ್ಣಿಗೇರಿಯ ನಂಟಿದ್ದ ಪಂಪ 941ರಲ್ಲಿ ಭಾರತದ ಕಥೆ ಬರೆದದ್ದು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಸರಿಗಟ್ಟಿ ಹೊಗಳಲು. ಆದರೂ ಕಾವ್ಯದ ಕೊನೆಗೆ ಗುಣವಂತರನ್ನು ಸಾಲಾಗಿ ನೆನೆಯುವಾಗ ಮೊದಲು ಹೆಸರಿಸಿದ್ದು ಛಲದ ದುರ್ಯೋಧನನನ್ನು.

ಅಡ್ಡದಾರಿಗಳೂ ಇವೆ. ‘ಚಿಕ್ಕಂದಿನಲ್ಲಿ ಅಪ್ಪ ಹೊಡೆದ, ಅದಕ್ಕೇ ಹೀಗಾದ’ ಎಂಬುದು ಅವುಗಳಲ್ಲಿ ಅತ್ಯಂತ ಸೋಮಾರಿ ದಾರಿ. ಪಾತ್ರದ ಇಷ್ಟದ ಬಣ್ಣ, ಜನ್ಮರಾಶಿ ತುಂಬಿಸಿಕೊಳ್ಳುವ ಮೊಬೈಲ್ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಶೇಖರಪ್ಪ ತಾನು ಯಾರಿಗೆ ಸಾಲಗಾರ ಎಂದು ಕೇಳಿಕೊಳ್ಳಿ, ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಾಲ್ಕನೆಯದು ಮಾತು. ಬೆದರಿಕೆ ಉಪಚಾರದ ವೇಷದಲ್ಲಿ ಬರಲಿ: ‘ಚಹಾ ಕುಡಿದು ಹೋಗು ಫಕೀರಪ್ಪ. ಮಗಳು ಗಂಡನ ಮನೆಯಲ್ಲಿ ಆರಾಮವಾಗಿದ್ದಾಳಲ್ಲ?’ ಇದರ ಮುಂದೆ ‘ಎಂದು ಕ್ರೂರವಾಗಿ ನಕ್ಕ’ ಎಂದು ಸೇರಿಸಿದಿರೋ, ಕೆಟ್ಟಿತು.

ವೇಷಭೂಷಣ ಕೊನೆಗೆ, ಒಂದು ಸಾಲಿನಲ್ಲಿ. ಮೀಸೆ ಬೇಡವೇ ಬೇಡ.

ಮುಕ್ತಾಯದಲ್ಲಿ ಅವನನ್ನು ಲಾರಿಯ ಕೆಳಗೆ ಹಾಕಬೇಡಿ, ಪಶ್ಚಾತ್ತಾಪದ ಕಣ್ಣೀರನ್ನೂ ಹಾಕಿಸಬೇಡಿ. ಫಕೀರಪ್ಪ ಬೇರೆ ಅಂಗಡಿಗೆ ಮಾಲು ಹಾಕಲಿ, ಶೇಖರಪ್ಪ ಮುಂಗಡ ವಾಪಸು ಕೇಳಲಿ. ಕೇಳುವ ಹಕ್ಕು ಅವನಿಗಿದೆ.